ಇಂಗ್ಲಿಷ್ ಇನ್ನೂ ಕಲಿಯುತ್ತಿರುವವರಿಗೆ ಕಾಲೇಜು ಸೀಟು: ಕಲಬುರಗಿ, ಬೀದರ, ಯಾದಗಿರಿಯ ಮಕ್ಕಳು ಏನು ನಿರೀಕ್ಷಿಸಬಹುದು?

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ವಾರವೇ ಈ ಪ್ರಶ್ನೆ ಶುರುವಾಗುತ್ತದೆ. “ಹುಡುಗಗ ಮಾರ್ಕ್ಸ್ ಚಲೋ ಬಂದಾವ್ರಿ, ಆದ್ರ ಇಂಗ್ಲಿಷ್ ಬರಂಗಿಲ್ಲ. ಸೈನ್ಸ್ ಹಚ್ಚಬೇಕೋ ಬ್ಯಾಡೋ?” ಅಫಜಲಪುರದವರೂ ಕೇಳುತ್ತಾರೆ, ಔರಾದದವರೂ ಕೇಳುತ್ತಾರೆ, ಸುರಪುರದವರೂ ಕೇಳುತ್ತಾರೆ. ಹೆಣ್ಣುಮಕ್ಕಳ ತಂದೆ ತಾಯಿ ಇನ್ನೂ ಒಂದು ಮಾತು ಸೇರಿಸುತ್ತಾರೆ: “ಸೇರಿಸಿದ ಮ್ಯಾಲ ನಡುವ ಬಿಟ್ಟು ಬಂದ್ರ ಹ್ಯಾಂಗ್ರಿ?”

ನೇರವಾಗಿ ಹೇಳುತ್ತೇನೆ. ನಮ್ಮ ರಾಜ್ಯದ ಬಹುತೇಕ ಸೀಟುಗಳು ಸಿಗುವುದಕ್ಕೆ ಇಂಗ್ಲಿಷ್ ಅಡ್ಡಿ ಬರುವುದೇ ಇಲ್ಲ. ಅಡ್ಡಿ ಬರುವುದು ಸೀಟು ಸಿಕ್ಕ ಮೇಲೆ, ಮೊದಲ ವರ್ಷದಲ್ಲಿ. ಈ ಎರಡನ್ನೂ ಒಂದೇ ಎಂದುಕೊಂಡು ಜನ ಎರಡು ಬಗೆಯಲ್ಲಿ ಕೆಡುತ್ತಾರೆ. ಕೆಲವರು ಹೆದರಿ, ಸಿಗಬಹುದಾದ ಸೀಟಿಗೆ ಅರ್ಜಿಯನ್ನೇ ಹಾಕುವುದಿಲ್ಲ. ಇನ್ನು ಕೆಲವರು ಸೀಟು ಸಿಕ್ಕಿತಲ್ಲ, ಮುಂದಿನದು ತಾನೇ ಆಗುತ್ತದೆ ಎಂದು ಸುಮ್ನೆ ಕೂತು ಮೊದಲ ಸೆಮಿಸ್ಟರ್‌ನಲ್ಲೇ ಮೂರು ನಾಲ್ಕು ವಿಷಯ ಕಳೆದುಕೊಳ್ಳುತ್ತಾರೆ. ಈ ಎರಡೂ ಆಗಬಾರದು ಎಂದೇ ಈ ಲೇಖನ. ಮೊದಲಿಂದ ಹಂತ ಹಂತವಾಗಿ ಹೋಗೋಣ.

ಹಂತ 1: ನಿಮ್ಮ ಇಂಗ್ಲಿಷ್ ಎಲ್ಲಿದೆ ಎಂದು ನೀವೇ ನೋಡಿಕೊಳ್ಳಿ

“ಇಂಗ್ಲಿಷ್ ಬರುವುದಿಲ್ಲ” ಎಂದರೆ ಏನು ಬರುವುದಿಲ್ಲ? ಮಾತಾಡಲು ಬರುವುದಿಲ್ಲವಾ, ಓದಲು ಬರುವುದಿಲ್ಲವಾ, ಬರೆಯಲು ಬರುವುದಿಲ್ಲವಾ? ಇವು ಮೂರೂ ಬೇರೆ ಬೇರೆ. ಕಾಲೇಜಿನಲ್ಲಿ ಮೊದಲು ಬೇಕಾಗುವುದು ಓದುವುದು. ಆಮೇಲೆ ಬರೆಯುವುದು. ಮಾತಾಡುವುದು ಕೊನೆಗೆ ಬಂದರೂ ನಡೆಯುತ್ತದೆ.

ಹೀಗೆ ಮಾಡಿ. ಪ್ರಥಮ ಪಿಯುಸಿಯ ಭೌತಶಾಸ್ತ್ರ ಅಥವಾ ಜೀವಶಾಸ್ತ್ರದ ಇಂಗ್ಲಿಷ್ ಪುಸ್ತಕ ತೆಗೆದುಕೊಳ್ಳಿ. ಎನ್‌ಸಿಇಆರ್‌ಟಿ ಪುಸ್ತಕಗಳು ಅವರ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಯಾವುದಾದರೂ ಒಂದು ಪುಟ ಓದಿ. ಅರ್ಥವಾಗದ ಪದಗಳ ಕೆಳಗೆ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ಗೆರೆ ಎಳೆದ ಪದಗಳಲ್ಲಿ ಹೆಚ್ಚಿನವು ವಿಷಯಕ್ಕೆ ಸೇರಿದ ಪದಗಳೇ ಆಗಿದ್ದರೆ, ಅಂದರೆ ವೆಲಾಸಿಟಿ, ಟಿಶ್ಯೂ, ಈಕ್ವೇಶನ್ ಇಂಥವು, ಹೆದರಬೇಡಿ. ಕನ್ನಡದಲ್ಲಿ ಅವೇ ಪಾಠಗಳನ್ನು ಓದಿದ್ದೀರಿ, ಹೆಸರು ಮಾತ್ರ ಹೊಸದು. ಎರಡು ತಿಂಗಳಲ್ಲಿ ಹಿಡಿತಕ್ಕೆ ಬರುತ್ತದೆ. ಆದರೆ ವಾಕ್ಯದ ಅರ್ಥವೇ ಗೊತ್ತಾಗದಿದ್ದರೆ, ಯಾರು ಏನನ್ನು ಮಾಡಿದರು ಎಂಬುದೇ ತಿಳಿಯದಿದ್ದರೆ, ನಿಮಗೆ ಜಾಸ್ತಿ ಸಮಯ ಬೇಕು. ಆಗ ಕೋರ್ಸ್ ಆಯ್ಕೆಯಲ್ಲೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಂತ 2: ಯಾವ ಸೀಟಿಗೆ ಇಂಗ್ಲಿಷ್ ಎಷ್ಟು ಲೆಕ್ಕಕ್ಕೆ ಬರುತ್ತದೆ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ನಿಧಾನವಾಗಿ ಓದಿ.

ಬಿಇ, ಅಂದರೆ ಎಂಜಿನಿಯರಿಂಗ್ ಸೀಟಿಗೆ ಸಿಇಟಿ ಎಂಬ ರಾಜ್ಯದ ಪ್ರವೇಶ ಪರೀಕ್ಷೆಯ ರ‍್ಯಾಂಕ್ ಬೇಕು. ಸಿಇಟಿ ನಡೆಸುವುದು ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ರ‍್ಯಾಂಕ್ ಮಾಡುವಾಗ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೆ ಅರ್ಧ, ಸಿಇಟಿಯಲ್ಲಿ ಅದೇ ವಿಷಯಗಳ ಅಂಕಗಳಿಗೆ ಅರ್ಧ ತೂಕ. ಇಂಗ್ಲಿಷ್ ಅಂಕ ಇದರಲ್ಲಿ ಎಲ್ಲೂ ಸೇರುವುದಿಲ್ಲ. ಇಂಗ್ಲಿಷ್‌ನಲ್ಲಿ 95 ಬಂದವನಿಗೂ 45 ಬಂದವಳಿಗೂ ಸಿಇಟಿ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಪಾಸಾಗಿರಬೇಕು, ಅಷ್ಟೇ. ಸಂದರ್ಶನವೂ ಇಲ್ಲ. ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ಸರಿಯಾದ ಉತ್ತರಕ್ಕೆ ಒಂದು ಅಂಕ, ತಪ್ಪಾದರೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ.

ಎಂಬಿಬಿಎಸ್‌ಗೆ ನೀಟ್ ಎಂಬ ದೇಶಮಟ್ಟದ ಪ್ರವೇಶ ಪರೀಕ್ಷೆ. ಅಲ್ಲೂ ಇಂಗ್ಲಿಷ್ ಪತ್ರಿಕೆ ಇಲ್ಲ. ಪಿಯುಸಿಯಲ್ಲಿ ಇಂಗ್ಲಿಷ್ ಪಾಸಾಗಿರಬೇಕು. ಆದರೆ ಇಲ್ಲಿ ನಿರೀಕ್ಷೆ ಇಟ್ಟುಕೊಳ್ಳುವಾಗ ಎಚ್ಚರ ಬೇಕು. ಪೈಪೋಟಿ ವಿಪರೀತ, ತಯಾರಿಯ ಪುಸ್ತಕಗಳು ಬಹುತೇಕ ಇಂಗ್ಲಿಷ್‌ನಲ್ಲೇ ಇವೆ. ಒಂದು ವರ್ಷ ಬಿಟ್ಟು ಓದುತ್ತೇನೆ ಎನ್ನುವವರು ಪಕ್ಕದಲ್ಲಿ ಇನ್ನೊಂದು ದಾರಿ ಇಟ್ಟುಕೊಂಡೇ ಹೊರಡಬೇಕು. ಕಲಬುರಗಿ, ಬೀದರ, ಯಾದಗಿರಿ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಇರುವುದು, ಮುಂದೆ ಹೇಳುವ 371ಜೆ ಮೀಸಲಾತಿ ಇರುವುದು ನಿಮಗೆ ಅನುಕೂಲವೇ. ಆದರೂ ಅಂಕ ಬೇಕೇ ಬೇಕು.

ಡಿಪ್ಲೊಮಾ. ಎಸ್ಸೆಸ್ಸೆಲ್ಸಿ ಆದ ಮೇಲೆ ಪಾಲಿಟೆಕ್ನಿಕ್ ಸೇರಲು ಮುಖ್ಯವಾಗಿ ಗಣಿತ, ವಿಜ್ಞಾನದ ಅಂಕ ನೋಡುತ್ತಾರೆ. ಇಂಗ್ಲಿಷ್ ನಿಧಾನವಾಗಿ ಕಲಿಯುತ್ತಿರುವ, ಆದರೆ ಗಣಿತದಲ್ಲಿ ಗಟ್ಟಿ ಇರುವ ಮಕ್ಕಳಿಗೆ ನನ್ನ ಮೊದಲ ಸಲಹೆ ಇದೇ. ಮೂರು ವರ್ಷ ಕೈಕೆಲಸದ ಜೊತೆ ಇಂಗ್ಲಿಷ್ ಪದಗಳು ತಾವಾಗಿ ಕಿವಿಗೆ ಬೀಳುತ್ತವೆ. ಆಮೇಲೆ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಇದನ್ನೇ ಲ್ಯಾಟರಲ್ ಎಂಟ್ರಿ ಎನ್ನುವುದು. ಪಿಯುಸಿಯಲ್ಲಿ ಒದ್ದಾಡಿ ಬಿಇ ಸೇರುವುದಕ್ಕಿಂತ ಇದು ಕಡಿಮೆಯ ದಾರಿ ಎಂದು ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಸೇರುವ ಮುಂಚೆ ಆ ಪಾಲಿಟೆಕ್ನಿಕ್‌ನಲ್ಲಿ ಒಂದು ಮಾತು ಕೇಳಿ: ಯಾವ್ಯಾವ ವಿಷಯದ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು?

ಕೃಷಿ, ಪಶುವೈದ್ಯ. ನಮ್ಮ ಭಾಗಕ್ಕೆ ಇದು ದೊಡ್ಡ ಅವಕಾಶ. ಕಲಬುರಗಿಯಲ್ಲಿ ಮತ್ತು ಯಾದಗಿರಿ ಜಿಲ್ಲೆಯ ಭೀಮರಾಯನಗುಡಿಯಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕಾಲೇಜುಗಳಿವೆ. ಬೀದರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯವೇ ಇದೆ. ಒಕ್ಕಲುತನ ಮಾಡುವವರ ಮಕ್ಕಳಿಗೆ ಕೃಷಿಕರ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ನಡೆಸುತ್ತಾರೆ. ಬೀಜ, ಬೆಳೆ, ರೋಗ, ಸಲಕರಣೆ ಗುರುತಿಸಬೇಕು. ತೊಗರಿ ಹೊಲದಲ್ಲಿ ಬೆಳೆದ, ಕೂರಿಗೆ, ಕುಂಟೆ ಕೈಯಲ್ಲಿ ಹಿಡಿದ ಮಗುವಿಗೆ ಅದರಲ್ಲಿ ಮುಂದಿರಲು ಇಂಗ್ಲಿಷ್ ಶಾಲೆ ಬೇಕಿಲ್ಲ. ಎಷ್ಟೋ ಜನ ಈ ಕೋಟಾ ಇದೆ ಎಂದು ಗೊತ್ತಿಲ್ಲದೆ ಅರ್ಜಿಯಲ್ಲಿ ಕೇಳುವುದೇ ಇಲ್ಲ, ಅದು ನನಗೆ ಬಹಳ ಬೇಸರದ ವಿಷಯ. ಸೇರಿದ ಮೇಲೆ ಪಾಠ ಮಾತ್ರ ಇಂಗ್ಲಿಷ್‌ನಲ್ಲೇ ಇರುತ್ತದೆ.

ಪದವಿ. ಬಿಎ, ಬಿಕಾಂ ಕನ್ನಡದಲ್ಲಿ ಬರೆಯಬಹುದು. ಬಿಎಸ್‌ಸಿ, ಬಿಸಿಎ ಇಂಗ್ಲಿಷ್‌ನಲ್ಲೇ ಓದಬೇಕಾಗುತ್ತದೆ. “ಬಿಸಿಎ ಹಗುರ” ಎಂದು ಕೇಳಿ ಸೇರಿ ಒದ್ದಾಡುವವರು ಬಹಳ. ಹಾಗೆಯೇ ಇಂಗ್ಲಿಷ್ ಭಯಕ್ಕೆ ಮಾತ್ರ ಬಿಎ ಹಿಡಿಯುವುದೂ ಸರಿಯಲ್ಲ. ಇತಿಹಾಸ, ರಾಜ್ಯಶಾಸ್ತ್ರ ಇಷ್ಟವಿದ್ದು ಬಿಎ ಮಾಡಿದರೆ ಮುಂದೆ ಕೆಎಎಸ್ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು, ಬಿಇಡಿ ಮಾಡಿ ಮೇಷ್ಟ್ರಾಗಬಹುದು. 371ಜೆ ಅಡಿ ಸ್ಥಳೀಯ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80ರಷ್ಟು ನಮ್ಮ ಭಾಗದವರಿಗೇ ಮೀಸಲು.

ಕಾನೂನು. ಐದು ವರ್ಷದ ಕೋರ್ಸಾಗಲಿ, ಪದವಿಯ ನಂತರದ ಮೂರು ವರ್ಷದ್ದಾಗಲಿ, ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಗಳನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ. ರಾಷ್ಟ್ರೀಯ ಕಾನೂನು ಶಾಲೆಗಳ ಕ್ಲ್ಯಾಟ್ ಪ್ರವೇಶ ಪರೀಕ್ಷೆ ಮಾತ್ರ ಪೂರ್ತಿ ಇಂಗ್ಲಿಷ್. ಅಲ್ಲಿ ಓದುವ ವೇಗವೇ ಪರೀಕ್ಷೆ. ಇವತ್ತು ಇಂಗ್ಲಿಷ್ ಕಲಿಯಲು ಶುರು ಮಾಡಿದವರು ಅದನ್ನು ಈ ವರ್ಷದ ಗುರಿ ಮಾಡಿಕೊಳ್ಳಬೇಡಿ.

ಇನ್ನು ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ. ಆಳಂದ ರಸ್ತೆಯಲ್ಲಿ ನಮ್ಮ ಮನೆ ಬಾಗಿಲಲ್ಲೇ ಇದೆ. ಪದವಿ ಪ್ರವೇಶಕ್ಕೆ ಸಿಯುಇಟಿ ಎಂಬ ದೇಶಮಟ್ಟದ ಪರೀಕ್ಷೆ ಬರೆಯಬೇಕು. ಆ ಪರೀಕ್ಷೆ ಕನ್ನಡದಲ್ಲೂ ಇದೆ. ಆದರೆ ದೇಶದ ಎಲ್ಲ ಕಡೆಯಿಂದ ಮಕ್ಕಳು ಬರುತ್ತಾರೆ, ಪಾಠ ಇಂಗ್ಲಿಷ್‌ನಲ್ಲಿ ನಡೆಯುತ್ತದೆ. ಪಿಯುಸಿ ಫಲಿತಾಂಶ ಬಂದ ಮೇಲೆ ವಿಚಾರಿಸಲು ಹೋದರೆ ಅರ್ಜಿಯ ಕೊನೆ ದಿನ ಮುಗಿದಿರುತ್ತದೆ. ಪ್ರತಿವರ್ಷ ಇದೇ ಕಥೆ.

ಹಂತ 3: ನಿಮಗಿರುವ ಮೂರು ಹಕ್ಕುಗಳ ಕಾಗದ ಮಾಡಿಸಿಕೊಳ್ಳಿ

ಕನ್ನಡ ಮಾಧ್ಯಮದಲ್ಲಿ ಓದಿದ್ದು ಕೊರತೆ ಎಂದು ಅನೇಕರು ತಿಳಿದಿದ್ದಾರೆ. ಸೀಟಿನ ಲೆಕ್ಕದಲ್ಲಿ ಅದು ನಿಮಗೆ ಬಲ.

ಕನ್ನಡ ಮಾಧ್ಯಮ ಮೀಸಲಾತಿ: 1ರಿಂದ 10ನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಪ್ರತಿ ವರ್ಗದೊಳಗೂ ಶೇ 5.

ಗ್ರಾಮೀಣ ಮೀಸಲಾತಿ: ಅದೇ ಹತ್ತು ವರ್ಷ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಶೇ 15.

371ಜೆ: ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದದ್ದು. ನಮ್ಮ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70 ಸೀಟು ಸ್ಥಳೀಯರಿಗೆ, ರಾಜ್ಯದ ಉಳಿದ ಭಾಗದ ಸಂಸ್ಥೆಗಳಲ್ಲಿ ಶೇ 8. ಅಂದರೆ ಬೆಂಗಳೂರು, ಮೈಸೂರಿನ ಕಾಲೇಜುಗಳಲ್ಲೂ ನಿಮಗೆ ಪಾಲು ಇದೆ.

ಮೂರಕ್ಕೂ ಅರ್ಹರಾಗಿದ್ದರೆ ಮೂರನ್ನೂ ಕೇಳಿ. ಒಂದನ್ನು ಕೇಳಿದರೆ ಇನ್ನೊಂದು ಹೋಗುತ್ತದೆ ಎಂಬುದು ಸುಳ್ಳು.

ಇವುಗಳಲ್ಲಿ ಜನ ಎಡವುವುದು ಎಲ್ಲಿ ಎಂದು ಹೇಳುತ್ತೇನೆ.

“ಹತ್ತು ವರ್ಷ” ಎಂದರೆ ಪೂರ್ತಿ ಹತ್ತು ವರ್ಷ. ಏಳನೇವರೆಗೆ ಊರಲ್ಲಿ ಓದಿ, ಎಂಟರಿಂದ ಪುರಸಭೆ ಇರುವ ತಾಲೂಕು ಕೇಂದ್ರದ ಹೈಸ್ಕೂಲಿಗೆ ಹೋಗಿದ್ದರೆ ಗ್ರಾಮೀಣ ಮೀಸಲಾತಿ ಸಿಗುವುದಿಲ್ಲ. ಐದರವರೆಗೆ ಕನ್ನಡದಲ್ಲಿ ಓದಿ ಆರನೇ ತರಗತಿಗೆ ಆದರ್ಶ ವಿದ್ಯಾಲಯ ಸೇರಿದ್ದರೆ, ಅದು ಇಂಗ್ಲಿಷ್ ಮಾಧ್ಯಮ, ಆದ್ದರಿಂದ ಕನ್ನಡ ಮಾಧ್ಯಮದ ಮೀಸಲಾತಿ ಹೋಯಿತು. ವಸತಿ ಶಾಲೆಗಳಲ್ಲಿ ಓದಿದವರು ತಮ್ಮ ಶಾಲೆ ಯಾವ ಮಾಧ್ಯಮ ಎಂದು ದಾಖಲೆಯಲ್ಲೇ ನೋಡಿ. ಪಾಠ ಕನ್ನಡದಲ್ಲಿ ನಡೆದಿದ್ದರೂ ದಾಖಲೆಯಲ್ಲಿ ಇಂಗ್ಲಿಷ್ ಮಾಧ್ಯಮ ಎಂದಿರಬಹುದು. ಉರ್ದು, ಮರಾಠಿ ಮಾಧ್ಯಮದಲ್ಲಿ ಓದಿದ ಮಕ್ಕಳು ನಮ್ಮಲ್ಲಿ ಬಹಳ ಇದ್ದಾರೆ. ಅವರಿಗೆ ಕನ್ನಡ ಮಾಧ್ಯಮದ ಮೀಸಲಾತಿ ಅನ್ವಯಿಸುವುದಿಲ್ಲ, ಆದರೆ ಗ್ರಾಮೀಣ ಮತ್ತು 371ಜೆ ಅನ್ವಯಿಸುತ್ತವೆ.

ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯ ಶಿಕ್ಷಕರ ಸಹಿಯ ಜೊತೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿಯೂ ಬೇಕು. ಎರಡು ಶಾಲೆಯಲ್ಲಿ ಓದಿದ್ದರೆ ಎರಡೂ ಶಾಲೆಯಿಂದ ತರಬೇಕು. ಮೇ ತಿಂಗಳಲ್ಲಿ ಹಳ್ಳಿ ಶಾಲೆಗೆ ಬೀಗ, ಮೇಷ್ಟ್ರು ಊರಿಗೆ ಹೋಗಿರುತ್ತಾರೆ. ಆದ್ದರಿಂದ ಇದನ್ನು ದ್ವಿತೀಯ ಪಿಯುಸಿಯ ದಸರಾ ರಜೆಯ ಆಸುಪಾಸಿನಲ್ಲೇ ಮುಗಿಸಿ.

371ಜೆ ಪ್ರಮಾಣಪತ್ರ ಕೊಡುವುದು ಉಪವಿಭಾಗಾಧಿಕಾರಿ. ಜನ ಎಸಿ ಆಫೀಸ್ ಎನ್ನುವುದು ಇದನ್ನೇ. ಕಲಬುರಗಿ ಜಿಲ್ಲೆಗೆ ಕಲಬುರಗಿ ಮತ್ತು ಸೇಡಂ, ಬೀದರ ಜಿಲ್ಲೆಗೆ ಬೀದರ ಮತ್ತು ಬಸವಕಲ್ಯಾಣ, ಯಾದಗಿರಿಗೆ ಯಾದಗಿರಿಯಲ್ಲೇ ಕಚೇರಿ ಇದೆ. ಒಮ್ಮೆ ಮಾಡಿಸಿಟ್ಟರೆ ಮುಂದೆ ನೌಕರಿಗೂ ಬರುತ್ತದೆ. ಮೂಲ ಪತ್ರವನ್ನು ಯಾರ ಕೈಗೂ ಕೊಟ್ಟು ಬರಬೇಡಿ, ಲ್ಯಾಮಿನೇಷನ್ ಮಾಡಿಸುವ ಮುಂಚೆ ಸ್ಕ್ಯಾನ್ ಮಾಡಿಸಿ ಇಟ್ಟುಕೊಳ್ಳಿ.

ಜಾತಿ ಆದಾಯ ಪ್ರಮಾಣಪತ್ರದಲ್ಲಿ ಮೇಲ್ಗಡೆ ಆರ್‌ಡಿ ಎಂದು ಶುರುವಾಗುವ ಒಂದು ಸಂಖ್ಯೆ ಇರುತ್ತದೆ. ಸಿಇಟಿ ಅರ್ಜಿಯಲ್ಲಿ ಕೇಳುವುದು ಅದನ್ನೇ. ಸಂಖ್ಯೆ ಹಾಕಿದಾಗ ಹೆಸರು ತಾಳೆಯಾಗಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ “ಮಲ್ಲಿಕಾರ್ಜುನ”, ಆಧಾರ್‌ನಲ್ಲಿ “ಮಲ್ಲಪ್ಪ” ಎಂದಿದ್ದರೆ ಅಲ್ಲೇ ಸಿಕ್ಕಿಬೀಳುತ್ತೀರಿ. ಆಧಾರ್ ಅನ್ನು ಅಂಕಪಟ್ಟಿಯಂತೆ ತಿದ್ದಿಸಿಕೊಳ್ಳುವುದೇ ಸುಲಭ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ, ಹೈಸ್ಕೂಲಲ್ಲಿ ಮಾಡಿಸಿದ್ದು ಈಗ ನಡೆಯದೇ ಇರಬಹುದು, ದಿನಾಂಕ ನೋಡಿ.

ಹಂತ 4: ಪರೀಕ್ಷೆಯ ಭಾಷೆ ಆರಿಸುವಾಗ ಗಡಿಬಿಡಿ ಬೇಡ

ನೀಟ್ 13 ಭಾಷೆಗಳಲ್ಲಿ ನಡೆಯುತ್ತದೆ, ಕನ್ನಡವೂ ಒಂದು. ಎಂಜಿನಿಯರಿಂಗ್‌ನ ದೇಶಮಟ್ಟದ ಪರೀಕ್ಷೆ ಜೆಇಇ ಮೇನ್ ಕೂಡ ಹಾಗೆಯೇ. ನೀಟ್‌ನಲ್ಲಿ ಕನ್ನಡ ಆರಿಸಿದವರಿಗೆ ಸಿಗುವ ಪುಸ್ತಿಕೆಯಲ್ಲಿ ಇಂಗ್ಲಿಷೂ ಇರುತ್ತದೆ, ಕನ್ನಡವೂ ಇರುತ್ತದೆ. ಒಂದರಲ್ಲಿ ಸಿಕ್ಕಿಕೊಂಡರೆ ಇನ್ನೊಂದನ್ನು ನೋಡಬಹುದು. ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ. ಹಾಗಾಗಿ ಕನ್ನಡವನ್ನಷ್ಟೇ ನಂಬಿ ಗುರುತು ಹಾಕಬೇಡಿ.

ಎರಡು ವಿಷಯ ನೆನಪಿಡಿ. ಅರ್ಜಿ ಹಾಕುವಾಗ ಆರಿಸಿದ ಭಾಷೆಯನ್ನು ಆಮೇಲೆ ಬದಲಿಸಲಾಗದು. ಮತ್ತು ಕನ್ನಡ ಆರಿಸಿದರೆ ಪರೀಕ್ಷಾ ಕೇಂದ್ರ ಕರ್ನಾಟಕದಲ್ಲೇ ಸಿಗುತ್ತದೆ. ಬೀದರ ಕಡೆಯ ಎಷ್ಟೋ ಮಕ್ಕಳು ಹೈದರಾಬಾದ್, ಲಾತೂರಿನಲ್ಲಿ ಕೋಚಿಂಗ್‌ಗೆ ಇರುತ್ತಾರೆ. ಅವರು ಪರೀಕ್ಷೆಗೆ ಈ ಕಡೆ ಬರಬೇಕಾಗುತ್ತದೆ, ಮೊದಲೇ ಗೊತ್ತಿರಲಿ.

ಜೆಇಇ ಮೇನ್ ದಾಟಿ ಐಐಟಿಗೆ ಬರೆಯುವ ಜೆಇಇ ಅಡ್ವಾನ್ಸ್ಡ್‌ನಲ್ಲಿ ಮಾತ್ರ ಕನ್ನಡ ಇಲ್ಲ. ಇಂಗ್ಲಿಷ್, ಹಿಂದಿ ಎರಡೇ. ಆ ಕನಸಿರುವವರು ಪ್ರಥಮ ಪಿಯುಸಿಯ ಮೊದಲ ದಿನದಿಂದಲೇ ಇಂಗ್ಲಿಷ್ ಪುಸ್ತಕದಲ್ಲಿ ಓದಬೇಕು. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಕಾಮೆಡ್‌ಕೆ ಪರೀಕ್ಷೆಯೂ ಇಂಗ್ಲಿಷ್‌ನಲ್ಲೇ, ಮೇಲಾಗಿ ಅಲ್ಲಿ ಫೀ ಜಾಸ್ತಿ. ಸಾಲ ಮಾಡಿ ಅದಕ್ಕೆ ಕೈ ಹಾಕುವ ಮುಂಚೆ ಸಿಇಟಿ ಸೀಟುಗಳನ್ನು ಪೂರ್ತಿ ನೋಡಿ.

ಪಿಯುಸಿ ವಿಜ್ಞಾನವನ್ನೇ ಕನ್ನಡದಲ್ಲಿ ಬರೆಯಬಹುದಾ ಎಂದು ಕೇಳುತ್ತೀರಿ. ಬರೆಯಲು ಅವಕಾಶವಿದೆ. ಆದರೆ ಮುಂದೆ ಬಿಇ, ಎಂಬಿಬಿಎಸ್, ಬಿಎಸ್‌ಸಿ ಎಲ್ಲವೂ ಇಂಗ್ಲಿಷ್ ಆಗಿರುವಾಗ ಆ ಎರಡು ವರ್ಷವನ್ನು ಅಭ್ಯಾಸಕ್ಕೆ ಬಳಸಿಕೊಳ್ಳುವುದೇ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಿ, ಇಂಗ್ಲಿಷ್‌ನಲ್ಲಿ ಬರೆಯಿರಿ. 2021ರಲ್ಲಿ ಕನ್ನಡದಲ್ಲೇ ಬಿಇ ಕಲಿಸಲು ರಾಜ್ಯದ ಕೆಲವು ಕಾಲೇಜುಗಳಿಗೆ ಒಪ್ಪಿಗೆ ಸಿಕ್ಕಿತ್ತು, ಅದರಲ್ಲಿ ನಮ್ಮ ಭಾಲ್ಕಿಯದೂ ಒಂದು. ಸೇರಲು ಬಂದವರು ಬಹಳ ಕಡಿಮೆ. ಅದನ್ನು ನಂಬಿಕೊಂಡು ಯೋಜನೆ ಹಾಕುವ ಸ್ಥಿತಿ ಇನ್ನೂ ಬಂದಿಲ್ಲ.

ಹಂತ 5: ಕಟ್ ಆಫ್ ನೋಡಿ, ಆಮೇಲೆ ಆಸೆ ಪಡಿ

ಕಟ್ ಆಫ್ ಎಂದರೆ ಹೋದ ವರ್ಷ ಆ ಕಾಲೇಜಿನ ಆ ಕೋರ್ಸಿಗೆ ಕೊನೆಯ ಸೀಟು ಸಿಕ್ಕ ರ‍್ಯಾಂಕ್. ಕೆಇಎ ವೆಬ್‌ಸೈಟಿನಲ್ಲಿ ಪಟ್ಟಿ ಇರುತ್ತದೆ. ಪಕ್ಕದ ಮನೆಯವರು ಹೇಳಿದ್ದು, ಕೋಚಿಂಗ್‌ನವರ ಬ್ಯಾನರ್‌ನಲ್ಲಿ ಇದ್ದದ್ದು ಬೇಡ, ಆ ಪಟ್ಟಿಯನ್ನೇ ತೆಗೆಯಿರಿ.

ಮೊದಲ ಸಲ ನೋಡಿದಾಗ ತಲೆ ತಿರುಗುತ್ತದೆ, ಯಾಕೆಂದರೆ ಮೇಲಿನ ಸಾಲಿನಲ್ಲಿ ಬರೀ ಸಂಕೇತಗಳು. ಓದುವ ಬಗೆ ಸುಲಭ. ಜಿಎಂ ಎಂದರೆ ಸಾಮಾನ್ಯ ವರ್ಗ. ಜಿಎಂಕೆ ಎಂದರೆ ಅದೇ ವರ್ಗದ ಕನ್ನಡ ಮಾಧ್ಯಮದ ಸೀಟು. ಜಿಎಂಆರ್ ಎಂದರೆ ಗ್ರಾಮೀಣ. ಹಾಗೆಯೇ 2ಎಜಿ, 2ಎಕೆ, 2ಎಆರ್. ಎಸ್‌ಸಿಜಿ, ಎಸ್‌ಸಿಕೆ, ಎಸ್‌ಸಿಆರ್. ಕೊನೆಯ ಅಕ್ಷರ ನೋಡಿದರೆ ಸಾಕು. ಕಲ್ಯಾಣ ಕರ್ನಾಟಕದ ಸೀಟುಗಳ ಪಟ್ಟಿ ಬೇರೆಯೇ ಇರುತ್ತದೆ. ನಮ್ಮವರು ಮಾಡುವ ದೊಡ್ಡ ತಪ್ಪು ಇಲ್ಲೇ: ಸಾಮಾನ್ಯ ಪಟ್ಟಿ ನೋಡಿ “ನಮಗ ಸಿಗಂಗಿಲ್ಲ” ಎಂದು ಬಿಟ್ಟುಬಿಡುತ್ತಾರೆ. ಎರಡೂ ಪಟ್ಟಿ ಎದುರಿಗಿಟ್ಟುಕೊಂಡು ನಿಮ್ಮ ವರ್ಗದ ಸಾಲುಗಳನ್ನು ಹೋಲಿಸಿ.

ಆಮೇಲೆ ಮೂರು ಗುಂಪು ಮಾಡಿ. ನಿಮ್ಮ ರ‍್ಯಾಂಕಿಗೆ ಸಿಗುವುದು ಕಷ್ಟ, ಆದರೂ ಆಸೆ ಇರುವವು. ಸಿಗುವ ಸಾಧ್ಯತೆ ಇರುವವು. ಖಂಡಿತ ಸಿಗುವವು. ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ತುಂಬುವಾಗ, ಇದೇ ಕ್ರಮದಲ್ಲಿ ಹಾಕಿ. ನಾಲ್ಕೈದು ಕಾಲೇಜು ಹಾಕಿ ಸುಮ್ನಾಗಬೇಡಿ. ಹೆಚ್ಚು ಹಾಕಿದ್ದಕ್ಕೆ ದಂಡವಿಲ್ಲ. ಆದರೆ ಸಿಕ್ಕರೆ ಹೋಗದ ಕಾಲೇಜನ್ನು ಹಾಕಬೇಡಿ. ಮೊದಲು ಅಣಕು ಹಂಚಿಕೆ ಬರುತ್ತದೆ, ಅದು ಸೀಟಲ್ಲ, ನಿಮ್ಮ ಪಟ್ಟಿ ಹೇಗಿದೆ ಎಂದು ತೋರಿಸುವ ಅಂದಾಜು. ಅದನ್ನು ನೋಡಿ ಕ್ರಮ ಬದಲಿಸಬಹುದು.

ನಿಜವಾದ ಸೀಟು ಹಂಚಿಕೆಯಾದ ಮೇಲೆ ಛಾಯ್ಸ್ ಕೇಳುತ್ತಾರೆ. ಒಂದು ಎಂದರೆ ಇದೇ ಸಾಕು, ಸೇರುತ್ತೇನೆ. ಎರಡು ಎಂದರೆ ಇದು ಇರಲಿ, ಆದರೆ ಮುಂದಿನ ಸುತ್ತಿನಲ್ಲಿ ಮೇಲಿನದು ಸಿಗುತ್ತದಾ ನೋಡುತ್ತೇನೆ. ಮೂರು ಎಂದರೆ ಇದು ಬೇಡ, ಮುಂದಿನ ಸುತ್ತಿಗೆ ಇರುತ್ತೇನೆ. ನಾಲ್ಕು ಎಂದರೆ ಪೂರ್ತಿ ಹೊರಗೆ. ಗೊಂದಲವಿದ್ದಾಗ ಮೂರು ಒತ್ತಿ ಕೈಯಲ್ಲಿದ್ದ ಸೀಟು ಕಳೆದುಕೊಂಡವರು ಬಹಳ. ಸೈಬರ್ ಸೆಂಟರ್‌ನವನ ಕೈಗೆ ಪಾಸ್‌ವರ್ಡ್ ಕೊಟ್ಟು ಮನೆಗೆ ಬರಬೇಡಿ. ಪಕ್ಕದಲ್ಲಿ ಕೂತು, ಪರದೆ ನೋಡಿ, ನೀವೇ ಒತ್ತಿ. ಒಟಿಪಿ ಬರುವ ಮೊಬೈಲ್ ಸಂಖ್ಯೆ ಸೀಟು ಸೇರುವವರೆಗೆ ಬದಲಿಸಬೇಡಿ.

ಯಾವ ಕಾಲೇಜು ಎನ್ನುವುದರಲ್ಲಿ ಇಂಗ್ಲಿಷ್ ಕಲಿಯುತ್ತಿರುವವರಿಗೆ ಒಂದು ಸಲಹೆ. ದೂರದ ದೊಡ್ಡ ಹೆಸರಿಗಿಂತ, ಅನುಮಾನ ಬಂದರೆ ಕನ್ನಡದಲ್ಲಿ ಬಿಡಿಸಿ ಹೇಳುವ ಮೇಷ್ಟ್ರು ಇರುವ ಕಾಲೇಜು ಮೊದಲ ವರ್ಷಕ್ಕೆ ಜಾಸ್ತಿ ಉಪಯೋಗ. ಅಲ್ಲಿ ಓದುತ್ತಿರುವ, ನಿಮ್ಮಂತೆಯೇ ಕನ್ನಡ ಮಾಧ್ಯಮದಿಂದ ಹೋದ ಇಬ್ಬರನ್ನು ಹುಡುಕಿ ಕೇಳಿ. ಕಾಲೇಜಿನ ಜಾಹೀರಾತಿಗಿಂತ ಅವರ ಮಾತು ನಿಜ.

ಹಂತ 6: ಹಣ ಮತ್ತು ಹಾಸ್ಟೆಲ್

ಇದನ್ನು ಚಿಕ್ಕದಾಗಿ ಹೇಳುತ್ತೇನೆ. ಸ್ಕಾಲರ್‌ಶಿಪ್‌ಗೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಪ್ರತಿವರ್ಷ ಅರ್ಜಿ ಹಾಕಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರದಿದ್ದರೆ ಮಂಜೂರಾದ ಹಣವೂ ಬರುವುದಿಲ್ಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ಊಟ, ವಸತಿಗೆ ತಿಂಗಳಿಗೆ ಇಂತಿಷ್ಟು ಎಂದು ಹತ್ತು ತಿಂಗಳು ಹಣ ಕೊಡುತ್ತಾರೆ. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ ಪದವಿ ಅಥವಾ ಡಿಪ್ಲೊಮಾ ಮೊದಲ ವರ್ಷ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ಇದೆ, ವರ್ಷಕ್ಕೆ 30,000 ರೂಪಾಯಿ. ಎಂಜಿನಿಯರಿಂಗ್‌ಗೆ ಎಸ್‌ಎನ್‌ಕ್ಯು ಎಂಬ ಹೆಚ್ಚುವರಿ ಸೀಟುಗಳಿವೆ. ಕುಟುಂಬದ ಆದಾಯ 8 ಲಕ್ಷದ ಒಳಗಿದ್ದವರಿಗೆ ಅಲ್ಲಿ ಬೋಧನಾ ಶುಲ್ಕ ಮಾಫಿ. ಸಿಇಟಿ ಅರ್ಜಿಯಲ್ಲೇ ಅದನ್ನು ಕೇಳಬೇಕು.

ಹಂತ 7: ಸೇರುವ ಮುಂಚಿನ ತಿಂಗಳುಗಳು

ಪರೀಕ್ಷೆ ಮುಗಿದು ಕಾಲೇಜು ಶುರುವಾಗುವವರೆಗೆ ಸಿಗುವ ಸಮಯ ಬಹಳ ಬೆಲೆಯದು. ಆಗ ಎಲ್ಲರೂ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋಗುತ್ತಾರೆ. ಧೈರ್ಯ ಬರುತ್ತದೆ, ಒಳ್ಳೆಯದೇ. ಆದರೆ ಅಂಗಡಿಯಲ್ಲಿ ಸಾಮಾನು ಕೇಳುವ ವಾಕ್ಯಗಳಿಂದ ಥರ್ಮೋಡೈನಾಮಿಕ್ಸ್ ಉತ್ತರ ಬರೆಯಲು ಆಗದು. ನಿಮಗೆ ಬೇಕಾಗಿರುವುದು ಪರೀಕ್ಷೆಯ ಇಂಗ್ಲಿಷ್. ಅದು ಚಿಕ್ಕದು, ಕಲಿಯಬಹುದಾದದ್ದು.

ಮೊದಲು ಪ್ರಶ್ನೆ ಪತ್ರಿಕೆಯ ಕ್ರಿಯಾಪದಗಳು. ಯಾವ ವಿಷಯವಾದರೂ ಇವೇ ಮತ್ತೆ ಮತ್ತೆ ಬರುತ್ತವೆ. ಡಿಫೈನ್ ಎಂದರೆ ಒಂದೆರಡು ಸಾಲಿನ ವ್ಯಾಖ್ಯೆ, ಅರ್ಧ ಪುಟ ಬರೆದರೆ ಸಮಯ ಹಾಳು. ಸ್ಟೇಟ್ ಎಂದರೆ ನಿಯಮವನ್ನು ಇದ್ದಂತೆ ಬರೆಯುವುದು, ವಿವರಣೆ ಬೇಡ. ಎಕ್ಸ್‌ಪ್ಲೇನ್ ಎಂದರೆ ಕಾರಣ ಸಮೇತ ಬಿಡಿಸಿ ಹೇಳುವುದು. ಡಿರೈವ್ ಎಂದರೆ ಸೂತ್ರವನ್ನು ಮೊದಲಿಂದ ಸಾಧಿಸಿ ತೋರಿಸುವುದು. ಡಿಸ್ಟಿಂಗ್ವಿಶ್ ಎಂದರೆ ನಡುವೆ ಗೆರೆ ಎಳೆದು ಎಡಕ್ಕೊಂದು ಬಲಕ್ಕೊಂದು ವ್ಯತ್ಯಾಸ ಬರೆಯುವುದು. ಜಸ್ಟಿಫೈ ಎಂದರೆ ನಿಮ್ಮ ಉತ್ತರಕ್ಕೆ ಕಾರಣ ಕೊಡುವುದು. ಪಾಠ ಚೆನ್ನಾಗಿ ಗೊತ್ತಿದ್ದೂ, ಕೇಳಿದ್ದು ಏನು ಎಂದು ತಿಳಿಯದೆ ಅಂಕ ಕಳೆದುಕೊಳ್ಳುವುದು ಕನ್ನಡ ಮಾಧ್ಯಮದ ಮಕ್ಕಳಲ್ಲಿ ಬಹಳ ಸಾಮಾನ್ಯ. ಐದು ವರ್ಷದ ಹಳೆಯ ಪ್ರಶ್ನೆ ಪತ್ರಿಕೆ ತೆಗೆದು ಇಂಥ ಪದಗಳನ್ನೆಲ್ಲ ಒಂದು ಹಾಳೆಗೆ ಇಳಿಸಿ.

ಎರಡನೆಯದು, ಎರಡು ಕಾಲಮ್‌ನ ನೋಟ್‌ಬುಕ್. ಒಂದು ಕಡೆ ಎಸ್ಸೆಸ್ಸೆಲ್ಸಿಯ ಕನ್ನಡ ಪುಸ್ತಕದಲ್ಲಿ ನೀವು ಕಲಿತ ಪದ, ಇನ್ನೊಂದು ಕಡೆ ಇಂಗ್ಲಿಷ್. ವೇಗೋತ್ಕರ್ಷದ ಎದುರು ಆಕ್ಸಲರೇಷನ್, ದ್ಯುತಿಸಂಶ್ಲೇಷಣೆಯ ಎದುರು ಫೋಟೋಸಿಂಥೆಸಿಸ್, ಬಹುಪದೋಕ್ತಿಯ ಎದುರು ಪಾಲಿನಾಮಿಯಲ್. ಇಂಗ್ಲಿಷ್ ಮಾಧ್ಯಮದ ಅದೇ ತರಗತಿಯ ಪುಸ್ತಕ ಪಕ್ಕದಲ್ಲಿಟ್ಟುಕೊಂಡರೆ ಕೆಲಸ ಸುಲಭ, ಏಕೆಂದರೆ ಎರಡೂ ಪುಸ್ತಕದಲ್ಲಿ ಚಿತ್ರ, ಲೆಕ್ಕ ಅವೇ ಇರುತ್ತವೆ. ದಿನಕ್ಕೆ ಒಂದು ಪಾಠ ಸಾಕು. ಪದವನ್ನು ಕಂಠಪಾಠ ಮಾಡಿ ಬಿಡಬೇಡಿ. ಅದನ್ನು ಸೇರಿಸಿ ಒಂದು ಪೂರ್ತಿ ಇಂಗ್ಲಿಷ್ ವಾಕ್ಯ ಬರೆಯಿರಿ.

ಕೈಬರಹದ ವೇಗವನ್ನೂ ನೋಡಿ. ಕನ್ನಡದಲ್ಲಿ ಹತ್ತು ವರ್ಷ ಬರೆದ ಕೈ ಇಂಗ್ಲಿಷ್‌ನಲ್ಲಿ ನಿಧಾನ. ಮೂರು ಗಂಟೆಯ ಪತ್ರಿಕೆಯಲ್ಲಿ ಕೊನೆಯ ಎರಡು ಪ್ರಶ್ನೆ ಉಳಿದುಬಿಡುವುದು ಇದರಿಂದಲೇ. ದಿನಾ ಒಂದು ಪುಟ ಗಡಿಯಾರ ಇಟ್ಟುಕೊಂಡು ನೋಡಿ ಬರೆದರೂ ವ್ಯತ್ಯಾಸ ಕಾಣುತ್ತದೆ.

ಹಂತ 8: ಮೊದಲ ಸೆಮಿಸ್ಟರ್

ಮೊದಲ ತಿಂಗಳು ಕ್ಲಾಸಿನಲ್ಲಿ ಅರ್ಧ ಅರ್ಥವಾದರೆ ಅದು ಸಹಜ. ಪೂರ್ತಿ ಅರ್ಥವಾಗುತ್ತದೆ ಎಂದು ನಿರೀಕ್ಷಿಸಬೇಡಿ. ಅಂಕಗಳೂ ಪಿಯುಸಿಗಿಂತ ಇಳಿಯುತ್ತವೆ. ಪಿಯುಸಿಯಲ್ಲಿ 85 ತೆಗೆದವರು ಮೊದಲ ಇಂಟರ್ನಲ್‌ನಲ್ಲಿ, ಅಂದರೆ ಕಾಲೇಜೇ ನಡೆಸುವ ಕಿರುಪರೀಕ್ಷೆಯಲ್ಲಿ, ಪಾಸಾಗಲು ಪರದಾಡಿದರೆ ಬುದ್ಧಿ ಕಡಿಮೆಯಾಯಿತು ಎಂದಲ್ಲ. ಪೋಷಕರಿಗೂ ಈ ಮಾತು ಹೇಳಬೇಕು. ಆ ಸಮಯದಲ್ಲಿ ಫೋನ್ ಮಾಡಿ ಬೈದರೆ ಮಕ್ಕಳು ಅಂಕ ಮುಚ್ಚಿಡಲು ಶುರು ಮಾಡುತ್ತಾರೆ, ಆಮೇಲೆ ಹಾಸ್ಟೆಲ್ ಬಿಟ್ಟು ಬರುವವರೆಗೆ ನಿಮಗೆ ಏನೂ ಗೊತ್ತಾಗುವುದಿಲ್ಲ.

ಮರುದಿನದ ಪಾಠವನ್ನು ಹಿಂದಿನ ರಾತ್ರಿ ಒಮ್ಮೆ ಓದಿ ಹೋಗಿ. ಯೂಟ್ಯೂಬ್‌ನಲ್ಲಿ ಕನ್ನಡದಲ್ಲಿ ಅದೇ ಪಾಠ ಸಿಕ್ಕರೆ ಕೇಳಿ. ಅರ್ಥ ಮೊದಲೇ ಗೊತ್ತಿದ್ದರೆ ಇಂಗ್ಲಿಷ್ ತಾನೇ ಹಿಡಿತಕ್ಕೆ ಬರುತ್ತದೆ. ಲ್ಯಾಬ್‌ನ ವೈವಾ, ಅಂದರೆ ಬಾಯಿಮಾತಿನ ಪರೀಕ್ಷೆಯಲ್ಲಿ ತಡವರಿಸಿದರೆ “ಸರ್, ಕನ್ನಡದಲ್ಲಿ ಹೇಳ್ಲಾ?” ಎಂದು ಕೇಳಿ. ನಮ್ಮ ಕಡೆಯ ಎಷ್ಟೋ ಮೇಷ್ಟ್ರು ಒಪ್ಪುತ್ತಾರೆ. ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿ ನಿಂತರೆ ಗೊತ್ತಿಲ್ಲ ಎಂದೇ ಬರೆದುಕೊಳ್ಳುತ್ತಾರೆ.

ಮೊದಲ ಇಂಟರ್ನಲ್‌ನ ಉತ್ತರ ಪತ್ರಿಕೆ ಕೈಗೆ ಬಂದ ವಾರದಲ್ಲೇ ಅದನ್ನು ಹಿಡಿದುಕೊಂಡು ಮೇಷ್ಟ್ರ ಹತ್ತಿರ ಹೋಗಿ. ಅಂಕ ಹೆಚ್ಚಿಸಿ ಎಂದು ಕೇಳಬೇಡಿ. ಯಾವ ಉತ್ತರದಲ್ಲಿ ವಿಷಯ ತಪ್ಪಿತು, ಯಾವುದರಲ್ಲಿ ಭಾಷೆ ತಪ್ಪಿತು ಎಂದು ಕೇಳಿ, ಎರಡನ್ನೂ ಬೇರೆ ಬೇರೆ ಬಣ್ಣದ ಪೆನ್ನಿನಲ್ಲಿ ಗುರುತು ಮಾಡಿಸಿಕೊಳ್ಳಿ. ಭಾಷೆಯಿಂದ ತಪ್ಪಿದ ಉತ್ತರಗಳನ್ನು ಮಾತ್ರ ಅದೇ ವಾರ ಮತ್ತೆ ಬರೆದು ತೋರಿಸಿ.